ಎರಡನೇ ರೀಚಾರ್ಜಿನ ಲೆಕ್ಕ

ಪಾಕೆಟ್ ವೈ-ಫೈ ತಗೊಳ್ಳಲೇ ಎಂದು ಪರಿಚಿತರು ಕೇಳಿದರೆ ನನ್ನ ಉತ್ತರ ಒಂದೇ: ಎಮ್ಮೆ ಕೊಳ್ಳುವ ಮೊದಲು ಹಿಂಡಿಯ ಲೆಕ್ಕ ಹಾಕಿ. ಸಿಮ್ ಹಾಕಿಕೊಂಡು ಐದಾರು ಸಾಧನಗಳಿಗೆ ಇಂಟರ್ನೆಟ್ ಹಂಚುವ ಆ ಪುಟ್ಟ ಡಬ್ಬಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಒಳಗಿನ ಸಿಮ್‌ಗೆ ಕೊಡುತ್ತಲೇ ಇರಬೇಕು.

ಡಬ್ಬಿಗೆ 2,500 ರೂಪಾಯಿ, ರೀಚಾರ್ಜಿಗೆ 300 ಎಂದಿಟ್ಟುಕೊಳ್ಳೋಣ. ಪ್ರೀಪೇಯ್ಡ್ ಲೋಕದಲ್ಲಿ ತಿಂಗಳೆಂದರೆ ಸಾಮಾನ್ಯವಾಗಿ 28 ದಿನ. ಹಾಗಾಗಿ ವರ್ಷಕ್ಕೆ 13 ರೀಚಾರ್ಜ್, 3,900 ರೂಪಾಯಿ. ಎರಡು ವರ್ಷಕ್ಕೆ 7,800. ಡಬ್ಬಿಯ ಬೆಲೆಯ ಮೂರು ಪಟ್ಟಿಗೂ ಜಾಸ್ತಿ. 30 ದಿನದ ಪ್ಲಾನ್ ಒಂದನ್ನಾದರೂ ಇಡಬೇಕೆಂದು 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಕಂಪನಿಗಳಿಗೆ ಆದೇಶಿಸಿದೆ. ಆ್ಯಪ್‌ನಲ್ಲಿ ಎದ್ದು ಕಾಣದಿದ್ದರೂ ಹುಡುಕಿ ನೋಡಿ.

ನಿಜವಾದ ಸೋರಿಕೆ ಇರುವುದು ದಿನದ ಕೋಟಾದಲ್ಲಿ. ನಮ್ಮ ಬೆಂಗಳೂರಿನ ಮನೆಗೆ ಫೈಬರ್ ಇದೆ. ಲ್ಯಾಪ್‌ಟಾಪ್‌ಗೆ ಮೊಬೈಲ್ ಡೇಟಾ ಬೇಕಾಗುವುದು ಶಿರಸಿ ಕಡೆಯ ಊರಿಗೆ ಹೋದಾಗ ಮಾತ್ರ. ದಿನಕ್ಕೆ 1.5 ಜಿಬಿಯಂತೆ 28 ದಿನಕ್ಕೆ 42 ಜಿಬಿ ಆಯಿತು, ಜಿಬಿಗೆ ಏಳು ರೂಪಾಯಿ ಚಿಲ್ಲರೆ. ಅಗ್ಗ ಅನ್ನಿಸುತ್ತದೆ. ಆದರೆ ಊರಲ್ಲಿ ನಾಲ್ಕು ದಿನ ಇದ್ದರೆ ಸಿಗುವುದು 6 ಜಿಬಿ, ಉಳಿದದ್ದು ರಾತ್ರಿ 12ಕ್ಕೆ ಅಳಿಸಿಹೋಗುತ್ತದೆ. ಅಲ್ಲಿಗೆ ಜಿಬಿಗೆ 50 ರೂಪಾಯಿ ಬಿತ್ತು! ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿವರೆಗೂ ನುಂಗುವುದರಿಂದ, ಕೋಟಾ ಬೇಕಾದ ದಿನವೇ ಸಾಲುವುದಿಲ್ಲ.

ಆದ್ದರಿಂದ ನಾನು ಫೋನಿನ ಹಾಟ್‌ಸ್ಪಾಟನ್ನೇ ನೆಚ್ಚಿದ್ದೇನೆ. ಊರಿಗೆ ಹೊರಡುವಾಗ, ದಿನದ ಮಿತಿಯಿಲ್ಲದ ಡೇಟಾ ವೋಚರ್ ಒಂದನ್ನು ಮೂಲ ಪ್ಲಾನಿನ ಮೇಲೆ ಹಾಕಿಸುತ್ತೇನೆ. ಲ್ಯಾಪ್‌ಟಾಪ್‌ನ ವೈ-ಫೈ ಸೆಟ್ಟಿಂಗ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸುತ್ತೇನೆ. ವಿಂಡೋಸ್ ಅಪ್‌ಡೇಟ್‌ಗಳು ಹೆಚ್ಚಿನಂಶ ತಡೆದು ನಿಲ್ಲುತ್ತವೆ. ಫೋಟೋ ಬ್ಯಾಕಪ್ ನಿಲ್ಲಿಸಿರುತ್ತೇನೆ. ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ ಎನ್ನುವುದು ನಿಜ. ಚಾರ್ಜರ್ ಜೊತೆಗಿದ್ದರೆ ಸುಧಾರಿಸಬಹುದು.

ಹಾಗಂತ ಡಬ್ಬಿ ಯಾರಿಗೂ ಬೇಡ ಎಂದಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯಲ್ಲೋ ಅಂಗಳದ ಮೂಲೆಯಲ್ಲೋ. ಡಬ್ಬಿಯನ್ನು ಅಲ್ಲಿಟ್ಟು ಜಗಲಿಯಲ್ಲಿ ಕೂತು ಕೆಲಸ ಮಾಡಬಹುದು. ಫೋನನ್ನು ಹಾಗೆ ಬಿಟ್ಟಿರಲು ಆಗುತ್ತದೆಯೇ? ಫೈಬರ್ ಬಾರದ ಊರು, ನಿತ್ಯ ಆನ್‌ಲೈನ್ ಪಾಠ ಕೇಳುವ ಮಕ್ಕಳು, ಫೋನ್ ಹಿಡಿದು ಹೊರಗೆ ಹೋಗುವ ಯಜಮಾನ, ಇಂಥ ಮನೆಗೆ ದಿನದ ಕೋಟಾ ದಿನವೂ ಖರ್ಚಾಗುತ್ತದೆ, ಕೊಟ್ಟ ದುಡ್ಡೂ ಸಾರ್ಥಕ.

ಕೊಳ್ಳುವವರು ಮೂರು ವಿಷಯ ನೋಡಿಕೊಳ್ಳಿ. ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿರುವ ಡಬ್ಬಿ ಬೇಡ. ಆ ಕಂಪನಿಯ ಟವರ್ ನಿಮ್ಮೂರಲ್ಲಿ ಸೋತರೆ ಡಬ್ಬಿಯೂ ಸೋತಂತೆ. ಸಿಮ್ ನಿಮ್ಮ ಫೋನಿನದ್ದಲ್ಲದ ಬೇರೆ ಕಂಪನಿಯದಾಗಿರಲಿ, ಒಂದು ಕೈಕೊಟ್ಟಾಗ ಇನ್ನೊಂದಿರುತ್ತದೆ. ಅಗ್ಗಕ್ಕೆ ಸಿಗುವ ಹಳೆಯ 3ಜಿ ಡಾಂಗಲ್ ಮುಟ್ಟಲೇಬೇಡಿ: ಜಿಯೊ 2016ರಲ್ಲಿ ಬಂದದ್ದೇ 4ಜಿಯೊಂದಿಗೆ, ಏರ್‌ಟೆಲ್ 3ಜಿ ನಿಲ್ಲಿಸಿಯಾಗಿದೆ.

ಟೆಲಿಕಾಂ ಸೇವೆಗೆ ಶೇ 18 ಜಿಎಸ್‌ಟಿ ಇದೆ. ನೋಂದಾಯಿತ ವೃತ್ತಿನಿರತರು ತಮ್ಮ ಜಿಎಸ್‌ಟಿ ಸಂಖ್ಯೆಯಿರುವ ಬಿಲ್ ಪಡೆದರೆ, ವೃತ್ತಿಗೆ ಬಳಸಿದ ಮಟ್ಟಿಗೆ ಆ ತೆರಿಗೆಯ ಕ್ರೆಡಿಟ್ ಕೇಳಬಹುದು.

ಅಂಗಡಿಗೆ ಹೋಗುವ ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ತೆರೆದು, ಕಳೆದ ತಿಂಗಳು ಹಾಟ್‌ಸ್ಪಾಟ್ ಎಷ್ಟು ಜಿಬಿ ತಿಂದಿದೆ ನೋಡಿ. ಅದು ವೋಚರ್‌ನಲ್ಲೇ ಮುಗಿಯುವಷ್ಟಿದ್ದರೆ ಆ 2,500 ರೂಪಾಯಿ ಬ್ಯಾಂಕಿನಲ್ಲೇ ಇರಲಿ.