ಮುಂದಿನ ಕಾರ್ಯಕ್ರಮ ಏನು?

ರೇಡಿಯೋದಲ್ಲಿ ಬೆಳಿಗ್ಗೆ ಆ ದಿನದ ಕಾರ್ಯಕ್ರಮಗಳನ್ನು ಹೇಳುತ್ತಾರೆ. ಹಾಡು ಎಷ್ಟು ಹೊತ್ತಿಗೆ, ನಾಟಕ ಯಾವಾಗ, ಯಾರ ಮಾತು ಇದೆ ಅಂತ. ಗೌರಿಬಿದನೂರು ಕಡೆಯ ನಾವು ಬೆಂಗಳೂರು ಆಕಾಶವಾಣಿ ಕೇಳಿ ಬೆಳೆದವರು. ಅದು ಶುರುವಾದದ್ದು 1955ರಲ್ಲಿ. ಅಲ್ಲಿ ಕಾರ್ಯಕ್ರಮ ಗೊತ್ತು ಮಾಡುವವರು ನಿಲಯದವರು. ನಾವು ಕೇಳುವವರು, ಅಷ್ಟೆ.

ಬೂದಿಕೋಟೆಯಲ್ಲಿ ಹಾಗಾಗಲಿಲ್ಲ. ಇದು ಕೋಲಾರ ಜಿಲ್ಲೆಯ ಹಳ್ಳಿ. 2007ರವರೆಗೆ ನಮ್ಮ ತಾಲೂಕೂ ಅದೇ ಜಿಲ್ಲೆಗೆ ಸೇರಿತ್ತು. ಅಲ್ಲಿ 2001ರಲ್ಲಿ ‘ನಮ್ಮ ಧ್ವನಿ’ ಶುರುವಾಯಿತು. ಸಂಘದ ಹೆಂಗಸರು ಮೈಕಿನ ಮುಂದೆ ಕೂತರು. ಹಾಡು ಹೇಳಿದರು. ಬೆಳೆ, ಆರೋಗ್ಯ, ಕುಡಿಯೋ ನೀರು, ಎಲ್ಲದರ ಬಗ್ಗೆ ಮಾತಾಡಿದರು. ಆದರೆ ಗಾಳಿಯಲ್ಲಿ ಬಿತ್ತರಿಸಲು ಇಂಥವರಿಗೆ ಆಗ ಪರವಾನಗಿ ಸಿಗುತ್ತಿರಲಿಲ್ಲ. ಅದಕ್ಕೇ ಟಿ.ವಿ. ಕೇಬಲ್ ತಂತಿಯಲ್ಲಿ ಮನೆಮನೆಗೆ ಕಳಿಸಿದರು. ಜಾಣತನ ನೋಡಿ! 2006ರಲ್ಲಿ ಸರ್ಕಾರ ನಿಯಮ ಬದಲಿಸಿತು. ಜನಸೇವೆ ಮಾಡುವ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದು ಅಂತ ಆಯಿತು.

ನಮ್ಮ ಊರಲ್ಲೂ ಸೋಬಾನೆ ಹಾಡೋ ಅಜ್ಜಿಯರಿದ್ದಾರೆ. ತೆಲುಗು ಪದ ಹೇಳೋರೂ ಇದ್ದಾರೆ. ಅವರು ಹೋದರೆ ಹಾಡೂ ಹೋಯಿತು. ಒಂದು ದಿನದ ಕಾರ್ಯಕ್ರಮ ನಾವೇ ಗೊತ್ತು ಮಾಡೋಣ. ಮೊದಲು ಯಾರ ಹಾಡು? ಆಮೇಲೆ ಯಾರ ಮಾತು? ಎಷ್ಟು ಗಂಟೆಗೆ?

ಹೆಸರು ಮತ್ತು ಹೊತ್ತು ಇಲ್ಲಿ ಬರೆಯಿರಿ: