ಹೆರಿಗೆಯ ಹೊತ್ತು: ಹೊಣೆ ಯಾರದು?

ಪವಿತ್ರ ಕುರ್‌ಆನಿನ 19ನೇ ಅಧ್ಯಾಯವಾದ ಮರ್ಯಮ್‌ನಲ್ಲಿ ಹೆರಿಗೆ ನೋವಿನ ಒಂದು ವರ್ಣನೆಯಿದೆ. ನೋವು ತಾಳಲಾರದೆ ಹಝ್ರತ್ ಮರ್ಯಮ್(ಅ) ಖರ್ಜೂರದ ಮರದ ಬುಡಕ್ಕೆ ಬರುತ್ತಾರೆ. ಇದಕ್ಕೆ ಮುಂಚೆಯೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಹಂಬಲಿಸುತ್ತಾರೆ. ಆಗ ಅವರಿಗೆ ದೊರೆತದ್ದೇನು? ಗದರಿಕೆಯಲ್ಲ. ದುಃಖಿಸಬೇಡ ಎಂಬ ಸಾಂತ್ವನ, ಕೆಳಗೆ ಹರಿಯುವ ನೀರು, ತಾಜಾ ಖರ್ಜೂರ. ಪ್ರಿಯ ಓದುಗರೇ, ಈ ಕ್ರಮವನ್ನು ಗಮನಿಸಿ. ಮೊದಲು ಮನಸ್ಸಿಗೆ ಧೈರ್ಯ, ಆಮೇಲೆ ನೀರು ಮತ್ತು ಆಹಾರ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರಡಿಸಿದ ಸೂಚನೆಗಳಲ್ಲಿಯೂ, ಹೆರುವವಳು ತಾನು ಬಯಸಿದ ಒಬ್ಬರನ್ನು ಜೊತೆಗಿರಿಸಿಕೊಳ್ಳಲಿ, ತೊಡಕಿನ ಸೂಚನೆ ಇಲ್ಲದಿದ್ದರೆ ನೋವಿನ ನಡುವೆಯೂ ಕುಡಿಯಲು, ತಿನ್ನಲು ಕೊಡಿ ಎಂದಿದೆ.

ನಮ್ಮಲ್ಲಿ ಅನೇಕ ಮನೆಗಳಲ್ಲಿ ನಡೆಯುವುದೇ ಬೇರೆ. ಚೊಚ್ಚಲ ಹೆರಿಗೆಗೆ ಸೊಸೆಯನ್ನು ತವರಿಗೆ ಕಳುಹಿಸಿದರೆ ಗಂಡನ ಮನೆಯವರ ಹೊಣೆ ಮುಗಿಯಿತು! ಆಸ್ಪತ್ರೆಯ ಬಿಲ್ಲು, ಔಷಧ, ಬಾಣಂತನ ಎಲ್ಲವೂ ಹೆಣ್ಣು ಹೆತ್ತವರ ತಲೆಗೆ. ತವರಿಗೆ ಹೋಗುವುದು ತಪ್ಪಲ್ಲ, ತಾಯಿಯ ಆರೈಕೆಗೆ ಸಾಟಿಯೂ ಇಲ್ಲ. ಆದರೆ ತಲಾಕ್ ಕೊಟ್ಟ ಪತ್ನಿ ಗರ್ಭಿಣಿಯಾಗಿದ್ದರೆ ಹೆರಿಗೆಯ ತನಕ ಆಕೆಯ ಖರ್ಚನ್ನು ಪತಿಯೇ ಭರಿಸಬೇಕೆಂದು ಸೂರಃ ಅತ್ತಲಾಕ್‌ನ 6ನೇ ಸೂಕ್ತ ಆದೇಶಿಸುತ್ತದೆ. ಅಗಲಿದವಳಿಗೇ ಇಷ್ಟು ಹಕ್ಕಿದ್ದರೆ, ಕೂಡಿ ಬಾಳುವವಳ ಹಕ್ಕು ಬಸ್ಸು ಹತ್ತಿಸಿದ ಕೂಡಲೇ ತೀರುವುದೇ? ಬಡತನದ ನೆಪವೂ ಬೇಡ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ ಎಲ್ಲವೂ ಉಚಿತ.

ಗರ್ಭ ನಿಂತದ್ದು ತಿಳಿದೊಡನೆ ತಾಯಿ ಕಾರ್ಡ್ ಮಾಡಿಸಿ, ತಪಾಸಣೆಯನ್ನು ತಪ್ಪಿಸಬೇಡಿ. ಕಬ್ಬಿಣಾಂಶದ ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂದು ಅದನ್ನು ಕಿಟಕಿಯಾಚೆ ಎಸೆಯುವವರಿದ್ದಾರೆ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಚಹಾದ ಜೊತೆ ಮಾತ್ರ ನುಂಗಬೇಡಿ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ರಮಝಾನಿನಲ್ಲಿ ತನಗೋ ಮಗುವಿಗೋ ಹಾನಿಯ ಭಯವಿರುವ ಗರ್ಭಿಣಿಗೆ ಉಪವಾಸದಿಂದ ರಿಯಾಯಿತಿಯಿದೆ. ಆಕೆ ಅದನ್ನು ಬಳಸಿಕೊಂಡರೆ ಅತ್ತೆ, ನಾದಿನಿಯರು ಮುಖ ಸಿಂಡರಿಸಬಾರದು.

ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಕಾಣುವುದು, ನೀರು ಒಡೆಯುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು - ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಹತ್ತಿರದಲ್ಲಿ ಮಹಿಳಾ ವೈದ್ಯೆ ಇದ್ದರೆ ಅವರನ್ನೇ ಆರಿಸಿಕೊಳ್ಳೋಣ. ಆದರೆ ಆ ರಾತ್ರಿ ಇರುವುದು ಪುರುಷ ವೈದ್ಯರೊಬ್ಬರೇ ಆದರೆ? ಜೀವಕ್ಕೆ ಅಪಾಯವಿರುವಾಗ ಅನಿವಾರ್ಯತೆಗೆ ರಿಯಾಯಿತಿಯಿದೆ ಎಂಬುದು ಕರ್ಮಶಾಸ್ತ್ರ ವಿದ್ವಾಂಸರ ಪ್ರಸಿದ್ಧ ನಿಯಮ. ಲಜ್ಜೆಯ ಹೆಸರಿನಲ್ಲಿ ಒಂದು ಪ್ರಾಣವನ್ನು ಪಣಕ್ಕಿಡುವುದು ಧರ್ಮನಿಷ್ಠೆಯಲ್ಲ.

ಮಗು ಹುಟ್ಟಿದ ಕೂಡಲೇ ಬಾಂಗ್, ಸಿಹಿ ಹಂಚುವಿಕೆ, ಫೋನ್ ಕರೆಗಳು. ಎಲ್ಲರ ಕಣ್ಣು ತೊಟ್ಟಿಲಿನತ್ತ. ತಾಯಿಯ ಪಾಲಿಗೆ ಅಪಾಯದ ಹೊತ್ತು ಅದೇ. ಮಾಸು ಬಿದ್ದ ಮೇಲೆ ಗರ್ಭಕೋಶ ಕುಗ್ಗಿ ಗಟ್ಟಿಯಾಗಬೇಕು. ಮೆತ್ತಗೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಅದಕ್ಕಾಗಿಯೇ ದಾದಿ ಮತ್ತೆ ಮತ್ತೆ ಬಂದು ಹೊಟ್ಟೆ ಮುಟ್ಟಿ ನೋಡುತ್ತಾಳೆ, ನಾಡಿ ಹಿಡಿಯುತ್ತಾಳೆ. ಬಾಣಂತಿ ಮಲಗಿದ್ದಾಳೆ, ಎಬ್ಬಿಸಬೇಡಿ ಎಂದು ಆಕೆಯನ್ನು ತಡೆಯಬೇಡಿ. ಅರ್ಧ ಲೀಟರಿನಷ್ಟು ರಕ್ತ ಹೋದರೂ ವೈದ್ಯರು ಅದನ್ನು ಅಪಾಯವೆಂದೇ ಎಣಿಸುತ್ತಾರೆ, ರಕ್ತಹೀನತೆ ಇರುವವಳಿಗಂತೂ ಅಷ್ಟೂ ಬೇಕಿಲ್ಲ. ಬಟ್ಟೆ ಬೇಗ ಬೇಗ ನೆನೆದರೆ, ಬಾಣಂತಿ ಬೆವರಿ ತಣ್ಣಗಾದರೆ ಕೂಗಿ ಕರೆಯಿರಿ.

ಹೆರಿಗೆಯಲ್ಲಿ ಮರಣ ಹೊಂದಿದವಳಿಗೆ ಹುತಾತ್ಮಳ ಸ್ಥಾನವಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅದು ಆಕೆಗೆ ದೊರೆಯುವ ಗೌರವ, ತಡಮಾಡಿದ ನಮಗೆ ಕೊಟ್ಟ ಕ್ಷಮಾಪತ್ರವಲ್ಲ. ಎಂಟನೇ ತಿಂಗಳಲ್ಲಿಯೇ ಪತಿಯಾದವನು ಕುಳಿತು ಬರೆದಿಡಲಿ: ಯಾವ ಆಸ್ಪತ್ರೆ, ರಾತ್ರಿ ಯಾರ ವಾಹನ, ಆಕೆಯ ರಕ್ತದ ಗುಂಪು ಯಾವುದು, ರಕ್ತನಿಧಿಗೆ ರಕ್ತ ಕೊಡಲು ಬಂಧುಗಳಲ್ಲಿ ಯಾರು ಸಿದ್ಧ. ಗಲ್ಫ್‌ನಲ್ಲಿರುವವರೂ ಇದನ್ನು ಒಂದು ಫೋನ್ ಕರೆಯಲ್ಲಿ ಮಾಡಬಹುದು.