ಕಾರಿನ ಬಣ್ಣಕ್ಕೆ ರಕ್ಷಣಾ ಫಿಲ್ಮ್: ಬಿಲ್ಲಿನಲ್ಲಿ ಏನಿರಬೇಕು?

ಹೊಸ ಕಾರಿನ ಬಣ್ಣದ ಮೇಲೆ ಪಾರದರ್ಶಕ ಫಿಲ್ಮ್ ಹಾಕಿಸುವ ವರ್ತಕರು ಮೊದಲು ಅದು ಯಾವ ವಸ್ತುವಿನದೆಂದು ವಿಚಾರಿಸತಕ್ಕದ್ದು. ಪಿವಿಸಿ ಫಿಲ್ಮ್ ಅಗ್ಗ. ಆದರೆ ಬಿಸಿಲಿಗೆ ಬೇಗ ಹಳದಿಗಟ್ಟಿ ಗಡುಸಾಗುತ್ತದೆ. ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಟಿಪಿಯು ಫಿಲ್ಮ್ ಸಿಡಿಯುವ ಸಣ್ಣ ಕಲ್ಲುಗಳನ್ನು ತಾಳಬಲ್ಲದು; ಉತ್ತಮ ದರ್ಜೆಯದಾದರೆ ಮೇಲ್ಪದರದ ನವಿರಾದ ಗೀರುಗಳು ಶಾಖಕ್ಕೆ ತಾವೇ ಮಾಯುತ್ತವೆ. ಹೊಸತರಲ್ಲಿ ನೋಟಕ್ಕೆ ಎರಡೂ ಒಂದೇ! ಲೆಕ್ಕ ತಪಾಸಣೆಗೆ ಬರುವ ಬಿಲ್ಲುಗಳಲ್ಲಿ ಬರಿದೆ ‘ಫಿಲ್ಮ್’ ಎಂದಿರುವುದನ್ನು ಕಂಡಿದ್ದೇನೆ. ಮುಂದೆ ವಾರಂಟಿ ಕೇಳಲು ಅದು ಆಧಾರವಾಗದು. ವಸ್ತು, ದಪ್ಪ, ವಾರಂಟಿಯ ಅವಧಿಗಳನ್ನು ಬರೆಯಿಸಿಕೊಳ್ಳಿರಿ. ಧೂಳಿಲ್ಲದ ಕೊಠಡಿಯಲ್ಲಿ, ಅಂಚುಗಳನ್ನು ಒಳಮಡಚಿ ಅಂಟಿಸುವವರಿಗೇ ಕೆಲಸ ಒಪ್ಪಿಸುವುದು ಲೇಸು. ಕಾರು ಸಂಸ್ಥೆಯ ಹೆಸರಿನಲ್ಲಿದ್ದರೂ, 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳಿಗೆ ಜಿಎಸ್‌ಟಿ ಕಾಯ್ದೆಯ ಕಲಂ 17(5) ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ಟನ್ನು ತಡೆಯುತ್ತದೆ. ಆದುದರಿಂದ ತೆರಿಗೆ ಸೇರಿಸಿಯೇ ದರ ಹೋಲಿಸತಕ್ಕದ್ದು. ದುಬಾರಿಯೆನಿಸಿದರೆ ಕಲ್ಲು ಹೆಚ್ಚಾಗಿ ಬಡಿಯುವ ಮುಂದಿನ ಬಂಪರ್, ಬಾನೆಟ್‌ಗಳಿಗೆ ಮಾತ್ರ ಹಾಕಿಸಬಹುದು.